ರಕ್ಕಸಿಯ ಗಾಜಿನ ಹಂಡೆ

"ಕೇಳ್ರಪ್ಪೋ ಕೇಳಿ! ಸುಣ್ಣಗಿರಿ ಕೋಟೆಯ ದೊರೆಸಾನಿ, ರಕ್ಕಸಿ ಕೋರೆವ್ವನ ಅಪ್ಪಣೆ! ಮೂರು ಒಗಟು ಹಾಕ್ತಾಳೆ. ಬಿಡಿಸಿದವರಿಗೆ ಬೇಡಿದ್ದು ಕೊಡ್ತಾಳೆ. ತಪ್ಪಿದವರನ್ನು ತಿಂತಾಳೆ. ಕೇಳ್ರಪ್ಪೋ!"

ಡಂಗುರ ಊರೂರು ಸುತ್ತಿತು. ಸಾರುವವನಿಗೂ ಗೊತ್ತಿಲ್ಲದ ಮಾತೊಂದಿತ್ತು: ಆ ಒಗಟುಗಳ ಉತ್ತರ ಕೋರೆವ್ವನಿಗೇ ತಿಳಿಯದು.

ಅಷ್ಟು ದೊಡ್ಡ ಕೋಟೆಯಲ್ಲಿ ಅವಳಿಗೆ ಜೊತೆಯೆಂದರೆ ಗಾಜಿನ ಹಂಡೆಯೊಳಗಿನ ಮೀನು. ಹೊಳೆಯಿಂದ ತಂದಾಗ ಒಂದು ಹಿಂಡೇ ಇತ್ತು. ಈಗ ಉಳಿದದ್ದು ಒಂದೇ, ಕೆಂಪು ಬಾಲದ್ದು. ಅವಳ ಮುಖ ಕಂಡು ಹತ್ತಿರ ಬರುವ ಜೀವ ಈ ಲೋಕದಲ್ಲಿ ಅದೊಂದೇ. ಈಚೆಗೆ ಅದೂ ತಳ ಹಿಡಿದು ಮಲಗುತ್ತಿತ್ತು. ಯಾರನ್ನಾದರೂ ಕೇಳೋಣವೆಂದರೆ ರಕ್ಕಸಿಯ ಜೊತೆ ಮಾತಿಗೆ ಕೂರುವವರು ಯಾರು? ಒಗಟು ಅಂದರೆ ಬರುತ್ತಾರೆ. ಗೆಲ್ಲುವ ಆಸೆ ತೋರಿಸಿದರೆ ಗಂಡಸರು ಸಾವಿನ ಬಾಯಿಗೂ ಪೇಟ ಸುತ್ತಿಕೊಂಡು ಬರುತ್ತಾರೆ.

ಮೊದಲು ಒಬ್ಬ ಜಟ್ಟಿ ಬಂದ.

"ಗೋಡೆಗೆ ದಿನಾ ಬಿಳಿ ಗೆರೆ ಬೀಳುತ್ತೆ. ಸುಣ್ಣ ಬಳಿಯುವವರು ಒಳಗೂ ಇಲ್ಲ, ಹೊರಗೂ ಇಲ್ಲ. ಬಳಿದವರು ಯಾರು?" ಎಂದಳು.

"ಬೆಳದಿಂಗಳು!" ಎಂದು ಜಟ್ಟಿ ತೊಡೆ ತಟ್ಟಿದ.

ಹಂಡೆಯ ಗಾಜಿನ ಮೇಲಿನ ಗೆರೆಯನ್ನು ಅವಳು ಬೆರಳಿನಿಂದ ತಿಕ್ಕಿ ನೋಡಿದಳು. ಬೆಳದಿಂಗಳಾಗಿದ್ದರೆ ಹಗಲಲ್ಲಿ ಹೋಗಬೇಕಿತ್ತಲ್ಲ. ಅವನನ್ನು ತಿಂದಳು. ತಿಂದ ಮೇಲೂ ಕೋಟೆ ಹಾಗೇ ಬಿಕೋ ಎನ್ನುತ್ತಿತ್ತು.

ಆಮೇಲೆ ಅಡುಗೆಯವನನ್ನು ಕಟ್ಟಿಕೊಂಡು ಒಬ್ಬ ಯುವರಾಜ ಬಂದ. ಅದೇ ಒಗಟಿಗೆ "ಕೀರ್ತಿ," ಎಂದ. ಅವನನ್ನೂ ತಿಂದಳು. ಹಿತ್ತಲಲ್ಲಿ ಒಲೆ ಊದುತ್ತಿದ್ದ ಅಡುಗೆಯ ಹುಡುಗ ಚಿಕ್ಕೀರ ಸೌಟು ಹಿಡಿದು ಬಂದು ನೋಡಿದರೆ, ಉಣ್ಣಬೇಕಾದ ದೊರೆಯೇ ಇಲ್ಲ.

"ನಿನಗೂ ಒಗಟು ಹಾಕಲೋ, ಇಲ್ಲಾ ಹಾಗೇ ಬರ್ತೀಯೋ?"

"ಹಾಕಿ ತಾಯಿ. ಹೆಂಗೂ ಬೇಳೆ ಬೆಂದಿಲ್ಲ."

ಗೆರೆಯ ಒಗಟು ಕೇಳಿ ಅವನು ಹಂಡೆಯತ್ತ ತಿರುಗಿದ. ಬಂದವರಲ್ಲಿ ಹಂಡೆ ನೋಡಿದವನು ಅವನೊಬ್ಬನೇ.

"ನಿಮ್ಮ ಬಾವಿ ನೀರು," ಎಂದ. "ಬಲು ಗಡಸು. ಈ ಗುಡ್ಡದ ಸುಣ್ಣವೆಲ್ಲ ಅದರಲ್ಲೇ ಕರಗಿದೆ. ಬೆಳಗಿಂದ ಕುದಿಸಿದ್ರೂ ತೊಗರಿಬೇಳೆ ಕಲ್ಲಿನಂಗಿದೆ. ನೀರು ಆರಿ ಹೋಗುತ್ತೆ, ಸುಣ್ಣ ಗಾಜಿಗೆ ಅಂಟಿ ಕೂರುತ್ತೆ."

ಕೋರೆವ್ವ ಹಂಡೆಯ ಹತ್ತಿರ ಸರಿದಳು. "ಎರಡನೆಯದು. ಇಳಿದಷ್ಟೂ ತುಂಬಿಸ್ತೀನಿ. ತುಂಬಿಸಿದಷ್ಟೂ ಒಳಗಿನವರು ಸೊರಗ್ತಾರೆ. ಯಾಕೆ?"

"ಏನು ತುಂಬಿಸ್ತೀರಿ?"

"ಬಾವಿ ನೀರೇ."

"ಅದಕ್ಕೇ. ಹೋಗೋದು ಬರೀ ನೀರು, ನೀವು ತರೋದು ನೀರೂ ಸುಣ್ಣವೂ. ಬತ್ತಿದ ಸಾರಿಗೆ ಉಪ್ಪುನೀರು ಹೊಯ್ತಾ ಹೋದಂಗೆ."

ಮೂರನೆಯದಕ್ಕೆ ಅವಳ ದನಿ ಇಳಿಯಿತು. "ಕಷ್ಟದಲ್ಲಿ ಬದುಕಿದ್ದವರು ಸುಖಕ್ಕೆ ಬಂದ ದಿನವೇ ಸತ್ತರು. ಮಳೆನೀರು ಕಣೋ, ಸಿಹಿ ನೀರು. ಹಿಡಿದು, ಎಲ್ಲರನ್ನೂ ಒಂದೇ ಸಲ ಅದಕ್ಕೆ ಬಿಟ್ಟೆ. ಸಂಜೆಯೊಳಗೆ ತೇಲಿದರು. ಇದೊಂದು ಕೈಗೆ ಸಿಗದೆ ಹಳೇ ನೀರಲ್ಲೇ ಉಳೀತು. ಕೊಂದವರು ಯಾರು?"

ಚಿಕ್ಕೀರ ಸೌಟನ್ನು ಕೆಳಗಿಟ್ಟ. ಹೇಳಿದರೂ ಸಾವು, ಹೇಳದಿದ್ದರೂ ಸಾವು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ನೀವೇ, ತಾಯಿ. ಪ್ರೀತಿಯಿಂದಲೇ ಕೊಂದ್ರಿ. ಗಡಸು ನೀರಿಗೆ ಒಗ್ಗಿದ ಮೈ, ಒಂದೇ ಏಟಿಗೆ ಮೆದು ನೀರಿಗೆ ಬಿಟ್ರೆ ತಡೆಯುತ್ತಾ?"

ಅವಳ ಬಾಯಿ ತೆರೆಯಿತು. ಕೋರೆಗಳು ಕಂಡವು. ಆದರೆ ಹೊರಟದ್ದು ಮಾತು. "ಇದೊಂದನ್ನಾದರೂ ಉಳಿಸ್ತೀಯಾ?"

"ದಿನಕ್ಕೊಂದು ತಂಬಿಗೆ ಹಳೇ ನೀರು ತೆಗೆದು ಒಂದು ತಂಬಿಗೆ ಮಳೆನೀರು ಹಾಕಿ. ಅರ್ಧಕ್ಕರ್ಧ ಆದ ಮೇಲೆ ನಿಲ್ಲಿಸಿ. ಆಮೇಲೆ ಆರಿದಷ್ಟಕ್ಕೆ ಮಾತ್ರ ಮಳೆನೀರು."

ಉತ್ತರ ಸರಿಯೋ ತಪ್ಪೋ ಮೀನೇ ಹೇಳಬೇಕಿತ್ತು. ಅಲ್ಲಿಯವರೆಗೆ ಚಿಕ್ಕೀರ ಕೋಟೆಯಲ್ಲೇ ಉಳಿದ. ಮಳೆನೀರಲ್ಲಿ ಬೇಳೆ ಬೇಯಿಸಿ ಅವಳಿಗೂ ಬಡಿಸಿದ. ಇಬ್ಬರೂ ಉಣ್ಣುತ್ತಾ ಮಾತಾಡಿದರು, ಹೆಚ್ಚಾಗಿ ಉಪ್ಪು ಸಾಲದು ಎಂಬ ಬಗ್ಗೆ. ಒಂದು ಬೆಳಿಗ್ಗೆ ಕೆಂಪು ಬಾಲ ಮೇಲೆದ್ದು ಬಂದು ಅನ್ನದಗುಳು ಕಚ್ಚಿತು.

"ಗೆದ್ದೆ. ಬೇಡು," ಎಂದಳು. ಇಲ್ಲೇ ಇರ್ತೀನಿ ಎಂದು ಬೇಡಬಾರದೇ ಎಂದು ಅವಳಿಗೆ ಒಳಗೊಳಗೇ ಆಸೆ.

"ಇನ್ನು ಯಾರನ್ನೂ ತಿನ್ನಬೇಡಿ. ನನ್ನನ್ನು ಮನೆಗೆ ಕಳಿಸಿ."

"ಎರಡಾಯ್ತಲ್ಲೋ!"

"ಮೂರು ಬಿಡಿಸಿದ್ದೀನಿ, ತಾಯಿ."

ಅವಳು ನಕ್ಕಳು. ಮೂರನೆಯದನ್ನು ತಾನೇ ಕೊಟ್ಟಳು: ಯುವರಾಜನ ಕುದುರೆ, ಅದರ ಮೇಲೆ ಚೀಲದ ತುಂಬ ಹೊನ್ನು.

ಕುದುರೆ ಹತ್ತಲು ಬಾರದ ಚಿಕ್ಕೀರ ಅದರ ಹಗ್ಗ ಹಿಡಿದು ನಡೆದೇ ಹೊರಟ. ಬಂದ ಬಾಗಿಲಲ್ಲೇ ಹೊರಗೆ ಹೋದ ಮೊದಲ ಅತಿಥಿ ಅವನು. ಗುಡ್ಡದ ದಾರಿ ಸುತ್ತುಸುತ್ತು; ಅವನು ಮರೆಯಾಗುವುದು, ಮತ್ತೆ ಕಾಣುವುದು. ಇನ್ನೊಂದು ತಿರುವಿನಲ್ಲಿ ಕಂಡಾನೆಂದು ಕೋರೆವ್ವ ಬಾಗಿಲಲ್ಲೇ ನಿಂತಿದ್ದಳು, ತಿರುವುಗಳೆಲ್ಲ ಮುಗಿದ ಮೇಲೂ.