ಜಟ್ಟುವಿಗೆ ದೋಣಿಯಲ್ಲಿ ಜಾಗ ಸಿಕ್ಕಿದ್ದು

ಹೊಳೆ ಹೋಗಿ ಕಡಲು ಸೇರುವಲ್ಲಿ ಒಂದು ಕೇರಿ. ಆ ಕೇರಿಯಲ್ಲಿ ದೇವಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಜಟ್ಟು ಅಂತ ಒಬ್ಬನೇ ಮಗ. ಆಳು ನೋಡಿದರೆ ತೆಂಗಿನಮರ, ತಲೆ ನೋಡಿದರೆ ಕುಡಿದು ಬಿಸಾಡಿದ ಬೊಂಡ. ಹೇಳಿದ ಮಾತು ಕೇಳುವುದಿಲ್ಲ ಅಂತ ಅವನನ್ನು ಯಾರೂ ಬೈಯುವ ಹಾಗಿರಲಿಲ್ಲ. ಕೇಳುತ್ತಿದ್ದ, ಪೂರ್ತಿ ಕೇಳುತ್ತಿದ್ದ. ಅದೇ ತೊಂದರೆ!

ದೇವಮ್ಮನ ಅಣ್ಣ ಪುರ್ಸಪ್ಪನಿಗೆ ಒಂದು ದೊಡ್ಡ ದೋಣಿ. ಅದರ ಮುಂದಿನ ಹಲಗೆಯ ಮೇಲೆ ಕೂತು ಹುಟ್ಟು ಹಾಕುತ್ತಿದ್ದ ಮುದುಕ ಸೊಂಟ ಹಿಡಿದು ಮನೆ ಸೇರಿದ. ಜಾಗ ಖಾಲಿಯಾದ ಸುದ್ದಿ ಕೇಳಿದ್ದೇ ದೇವಮ್ಮ ಓಡಿದಳು.

"ಅಣ್ಣಾ, ಆ ಜಾಗ ನನ್ನ ಜಟ್ಟುಗೆ ಕೊಡು. ಇವನೊಬ್ಬ ದೋಣಿ ಹತ್ತಿಬಿಟ್ರೆ ನನ್ನ ಒಲೆ ಹೇಗೋ ಉರೀತದೆ."

"ಕೊಡ್ತೆ ತಂಗಿ. ಆದ್ರೆ ಮಳೆಗಾಲಕ್ಕೆ ದೋಣಿ ದಂಡೆ ಮೇಲೆ ಎಳೆಯೋದರೊಳಗೆ ಅಂವ ತನ್ನ ಕೈಯಾರೆ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು ಹಿಡಿದು ತಂದು ತೋರಿಸಲಿ. ಇಲ್ಲಾಂದ್ರೆ ಆಚೆಮನೆ ಗಣಪುಗೆ ಕೊಟ್ಟೆ!"

ಜಟ್ಟು ಅಲ್ಲೇ ನಿಂತು ಹಲ್ಲು ಬಿಡುತ್ತಿದ್ದ. ಪುರ್ಸಪ್ಪ ಅವನ ಭುಜ ತಟ್ಟಿ ಹೇಳಿದ, "ನೋಡು ಅಳಿಯಾ, ಹುಣ್ಣಿಮೆ ಹತ್ರ ಬಂತು. ಬೆಳದಿಂಗಳಿದ್ರೆ ಮೀನಿಗೆ ಬಲೆ ಕಾಣ್ತದೆ. ಬಲೆ ಬಿಡುವಾಗ ಚಂದ್ರ ಕಾಣಬಾರದು, ತಿಳೀತಾ?"

"ತಿಳೀತು ಮಾವ!"

ಹುಣ್ಣಿಮೆ ಸಂಜೆ ಜಟ್ಟು ಬಲೆ ಹೊತ್ತು ಹೊಳೆಗೆ ಹೋದ. ಗುಡ್ಡದ ಹಿಂದಿನಿಂದ ಚಂದ್ರ ಗಂಗಾಳದಷ್ಟು ದೊಡ್ಡದಾಗಿ ಎದ್ದ. ಕಾಣಬಾರದಲ್ಲ! ಜಟ್ಟು ಬಲೆ ಬಿಟ್ಟ, ತಲೆಯ ಮುಂಡಾಸು ಬಿಚ್ಚಿದ, ಎರಡೂ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ಚಂದ್ರ ಕಾಣಲಿಲ್ಲ. ಕಣ್ಣು ಬಿಚ್ಚಿ ನೋಡಿದರೆ ಬಲೆಯೂ ಕಾಣಲಿಲ್ಲ. ನೀರು ಎಳೆದುಕೊಂಡು ಹೋಗಿ ಆಗಲೇ ಕಡಲಿಗೆ ಕೊಟ್ಟಾಗಿತ್ತು.

"ಬಲೆ ಎಲ್ಲೋ?" ಅಂದಳು ದೇವಮ್ಮ.

"ಬಲೆ ಹೋಯ್ತು ಅವ್ವ. ಆದ್ರೆ ಚಂದ್ರ ಒಂಚೂರೂ ಕಾಣಲಿಲ್ಲ!"

ದೇವಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ನೀರಿಗೆ ಏನೇ ಬಿಟ್ರೂ ಗೂಟಕ್ಕೆ ಬಿಗಿಯಾಗಿ ಕಟ್ಟಬೇಕು ಕಣೋ, ಗಿಡ್ಡ ಹಗ್ಗದಲ್ಲಿ, ಅಲ್ಲಾಡದ ಹಾಗೆ!"

"ಬಿಗಿಯಾಗಿ, ಗಿಡ್ಡ ಹಗ್ಗದಲ್ಲಿ. ಆಯ್ತು ಅವ್ವ!"

ಅಮಾವಾಸ್ಯೆ ಬಂತು. ದೇವಮ್ಮ ಅಟ್ಟದ ಮೇಲಿದ್ದ ಹಳೇ ಬಲೆ ಇಳಿಸಿ, ಬೇಡಿ ತಂದ ಸಣ್ಣ ದೋಣಿಯಲ್ಲಿ ಬೆಳಗ್ಗೆಯೇ ಮಗನನ್ನು ಕಳಿಸಿದಳು. ಯಾವ ದೇವರು ಕಣ್ಣು ಬಿಟ್ಟನೋ, ನಡುಮಧ್ಯಾಹ್ನಕ್ಕೆ ದೋಣಿಯ ತಳದಲ್ಲಿ ಮೀನು ಪಳಪಳ! ಆಗ ಭರತದ ಹೊತ್ತು, ಕಡಲು ಉಬ್ಬಿ ಹೊಳೆ ತುಂಬಿ ದಂಡೆ ಮುಟ್ಟಿತ್ತು. ಜಟ್ಟು ದೋಣಿಯನ್ನು ಗೂಟದ ತುದಿಗೆ ತಂದ. ಬಿಗಿಯಾಗಿ ಕಟ್ಟಿದ. ಗಿಡ್ಡ ಹಗ್ಗದಲ್ಲಿ ಕಟ್ಟಿದ. ಮೀನು ಅಲ್ಲೇ ಇರಲಿ, ಮಾವ ಬಂದು ತನ್ನ ಕಣ್ಣಲ್ಲೇ ನೋಡಲಿ ಅಂತ ಕರೆಯಲು ಹೋದ.

ಮಾವ ಉಂಡು ಮಲಗಿದ್ದ. ಎದ್ದು, ಎಲೆ ಅಡಿಕೆ ಹಾಕಿಕೊಂಡು, ಮಾತಾಡುತ್ತಾ ಬರುವಷ್ಟರಲ್ಲಿ ಸಂಜೆಯಾಯ್ತು. ಅಮಾವಾಸ್ಯೆಯ ಇಳಿತ ಅಂದರೆ ಸಾಮಾನ್ಯವೇ? ಹೊಳೆ ಪಾತಾಳಕ್ಕೆ ಹೋಗಿತ್ತು. ದೋಣಿ ಮಾತ್ರ ಗೂಟದ ತುದಿಯಲ್ಲಿ ಬಾವಲಿಯ ಹಾಗೆ ಜೋತುಬಿದ್ದಿತ್ತು! ಮೀನೆಲ್ಲ ಜಾರಿ ಕೆಸರಿಗೆ ಬಿದ್ದು ಹದ್ದು, ಕಾಗೆ, ಕೊಕ್ಕರೆಗಳಿಗೆ ಸಂತರ್ಪಣೆ ನಡೆದಿತ್ತು.

"ನೋಡು ಮಾವ, ಅಲ್ಲಾಡ್ತಾ ಉಂಟೇನು? ಹಗ್ಗ ಇನ್ನೂ ಬಿಗಿಯಾಗೇ ಉಂಟು!"

"ಬಿಗಿ ಅಂತೆ, ಬಿಗಿ! ನೀರು ಇಳಿಯುವಾಗ ಕಟ್ಟು ಸಡಿಲ ಮಾಡಬೇಕು ಅಂತ ಗೊತ್ತಿಲ್ವೇನೋ? ನೀರು ಇಳಿಯೋಕೆ ಶುರುವಾಯ್ತು ಅಂದ್ರೆ ಓಡಿಹೋಗಿ ಸಡಿಲ ಮಾಡು!"

"ಓಡಿಹೋಗಿ ಸಡಿಲ. ಆಯ್ತು ಮಾವ!"

ಅಮಾವಾಸ್ಯೆಯಲ್ಲಿ ಏಡಿಗೆ ಮೈ ತುಂಬಿರುತ್ತದೆ, ಹುಣ್ಣಿಮೆಯಲ್ಲಿ ಅದೇ ಏಡಿ ಪೊಳ್ಳು. ಈ ಮಾತಿಗೆ ಸಾಕ್ಷಿ ಬೇಕಾದವರು ಏಡಿಯನ್ನೇ ಕೇಳಿಕೊಳ್ಳಲಿ. ಮರುದಿನ ಜಟ್ಟು ಕೆಸರಲ್ಲಿ ಕೈ ಹಾಕಿ ಬುಟ್ಟಿ ತುಂಬ ಏಡಿ ಹಿಡಿದ. ಒಂದೊಂದರ ಕಚ್ಚುವ ಕೊಂಬನ್ನೂ ಬಾಳೆನಾರಿನಿಂದ ಕಟ್ಟಿದ. ಮೀನೋ ಏಡಿಯೋ, ಸಾರು ಸಾರೇ ತಾನೆ ಅಂತ ದೇವಮ್ಮ ದೇವರಿಗೆ ಕೈಮುಗಿದು ಬುಟ್ಟಿ ಹೊರಿಸಿ ಅಣ್ಣನ ಮನೆಗೆ ಕಳಿಸಿದಳು.

ಪುರ್ಸಪ್ಪ ಜಗಲಿಯ ಮೇಲೆ ಕಾಲು ನೀಡಿ ತೂಕಡಿಸುತ್ತಿದ್ದ. ಜಟ್ಟು ಬುಟ್ಟಿ ಇಳಿಸಿ ಅಂಗಳದ ತುದಿಗೆ ಹೋಗಿ ಹೊಳೆಯತ್ತ ನೋಡಿದ. ಅಯ್ಯಯ್ಯೋ, ನೀರು ಇಳಿಯೋಕೆ ಶುರುವಾಗಿದೆ! ಓಡಿಬಂದ. ಏಡಿಗಳ ಕಟ್ಟು ಸಡಿಲ ಮಾಡಿದ. ಒಂದನ್ನೂ ಬಿಡಲಿಲ್ಲ!

"ಹಾ! ಹಾ! ಸತ್ತೆ!" ಅಂತ ಪುರ್ಸಪ್ಪ ಒಂಟಿಕಾಲಲ್ಲಿ ಅಂಗಳವೆಲ್ಲ ಕುಣಿದ. ಹೆಬ್ಬೆರಳಿಗೆ ಏಡಿ ನೇತಾಡುತ್ತಿತ್ತು. ಒಳಗಿನಿಂದ ಅವನ ಹೆಂಡತಿ ಕಿರುಚಿದಳು, ಒಲೆಯ ಹತ್ತಿರದ ಬೆಕ್ಕು ಮನೆಯ ಮಾಡಿನ ಮೇಲೆ ಹತ್ತಿತು. ಉಳಿದ ಏಡಿಗಳು ಸಾಲಾಗಿ ಹೊಳೆಯ ದಾರಿ ಹಿಡಿದವು.

"ಕತ್ತೆ! ಹಿಡಿದದ್ದನ್ನು ಬಿಡ್ತಾರೇನೋ? ಬುಟ್ಟಿ ಕವುಚಿ ಮುಚ್ಚಬೇಕು, ಮೇಲೆ ಕೂತುಬಿಡಬೇಕು! ಯಾರು ಕರೆದ್ರೂ ಏಳಬಾರದು! ಇದೇ ಕಡೇ ಸಲ. ಮೋಡ ಕಟ್ಟಿದೆ. ಮೊದಲ ಮಳೆ ಬಿದ್ರೆ ಮೀನು ಹೊಳೆ ಬಿಟ್ಟು ಗದ್ದೆಯ ತೋಡು ಹತ್ತುತ್ತದೆ. ಅದೂ ಆಗದಿದ್ರೆ ಜಾಗ ಗಣಪುಗೇ!"

"ಕೂತುಬಿಡಬೇಕು. ಯಾರು ಕರೆದ್ರೂ ಏಳಬಾರದು. ಆಯ್ತು ಮಾವ!"

ಮರುದಿನವೇ ಗುಡುಗಿತು, ಗುಡುಗಿ ಸುರಿಯಿತು. ಜಟ್ಟು ತೋಡಿಗೆ ಇಳಿದ. ಕಾಲಿಗೇ ಒಂದು ಮೀನು ಬಡಿಯಿತು, ತೋಳಿನಷ್ಟು ದಪ್ಪ! ತಟ್ಟನೆ ಬುಟ್ಟಿ ಕವುಚಿದ. ಮೇಲೆ ಕೂತುಬಿಟ್ಟ.

ಮಳೆ ಏರಿತು. ತೋಡಿನ ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಜಟ್ಟು ನೆಮ್ಮದಿಯಾಗಿ ಕೂತಿದ್ದ. ಈ ಸಲ ತಪ್ಪು ಮಾಡಲಿಲ್ಲ ಅಂತ ಅವನಿಗೆ ಒಳಗೊಳಗೇ ಖುಷಿ.

"ಏಳೋ ಜಟ್ಟೂ, ಮುಳುಗ್ತಿ!" ಅಂತ ದೇವಮ್ಮ ದಂಡೆಯಲ್ಲಿ ಎದೆ ಬಡಿದುಕೊಂಡಳು.

"ಯಾರು ಕರೆದ್ರೂ ಏಳಬಾರದು ಅಂತ ಮಾವ ಹೇಳಿದ್ದಾನೆ!"

ಪುರ್ಸಪ್ಪ ಕುಂಟುತ್ತಾ ಬಂದ. "ಆ ಮಾವ ನಾನೇ ಕಣೋ! ನಾನೇ ಕರೀತಾ ಇದ್ದೇನೆ!"

"ಯಾರು ಕರೆದ್ರೂ ಅಂದ್ರೆ ನೀನೂ ಬಂದ್ಯಲ್ಲ ಮಾವ!"

ಕೊನೆಗೆ ಕೇರಿಯ ಗಂಡಸರೆಲ್ಲ ಇಳಿದು ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿದರು. ಎತ್ತಿದರೆ ಏನು ನೋಡುವುದು! ತೋಡಿಗೆ ಅಡ್ಡ ಕಟ್ಟೆಯ ಹಾಗೆ ಕೂತ ಈ ದಡಿಯನನ್ನು ದಾಟಲಾರದೆ ಹತ್ತಿಬಂದ ಮೀನೆಲ್ಲ ಅಲ್ಲೇ ಒಟ್ಟಾಗಿತ್ತು. ಅಂಗಿಯಲ್ಲಿ ಮೀನು, ಪಂಚೆಯಲ್ಲಿ ಮೀನು, ಮುಂಡಾಸಿನಲ್ಲಿ ಮೀನು! ಬುಟ್ಟಿಯೊಳಗೆ ಮಾತ್ರ ಏನೂ ಇರಲಿಲ್ಲ, ತಳ ಒಡೆದಿತ್ತು. ಆ ಸಂಜೆ ಕೇರಿಯ ಒಂದು ಮನೆಯಲ್ಲೂ ಸಾರಿಗೆ ಕೊರತೆಯಾಗಲಿಲ್ಲ.

ಪುರ್ಸಪ್ಪ ಮಾತಿಗೆ ತಪ್ಪುವ ಮನುಷ್ಯನಲ್ಲ. ಜಟ್ಟುವನ್ನು ಕರೆದೊಯ್ದು ದೋಣಿಯ ಮುಂದಿನ ಹಲಗೆಯ ಮೇಲೆ ಕೂರಿಸಿ ಹುಟ್ಟು ಕೈಗೆ ಕೊಟ್ಟ. "ಇವತ್ತಿನಿಂದ ಈ ಜಾಗ ನಿಂದು. ದೋಣಿಯಲ್ಲಿ ನಾನು ಹೇಳಿದ್ದೇ ಮಾತು. ನಾನು ಇಳಿ ಅನ್ನೋತನಕ ಇಳಿಯಕೂಡದು!" ಅಂದ. ಅಂದವನು ಹೆಬ್ಬೆರಳಿಗೆ ಮದ್ದು ಕಟ್ಟಿಸಲು ಮಗಳ ಊರಿಗೆ ಹೋಗಿಬಿಟ್ಟ.

ಮರುದಿನ ಜನ ಸೇರಿ ಮಳೆಗಾಲಕ್ಕೆ ದೋಣಿಯನ್ನು ಮರಳಿನ ಮೇಲೆ ಎಳೆದರು. ಜಟ್ಟು ಇಳಿಯಲಿಲ್ಲ. ಅವನನ್ನೂ ಸೇರಿಸಿ ಎಳೆದರು. ತಾನು ಹುಟ್ಟು ಹಾಕಿದ್ದರಿಂದಲೇ ದೋಣಿ ಹಗುರವಾಯ್ತು ಅಂತ ಅವನ ವಾದ. ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿದರು. ಜಟ್ಟು ಚಪ್ಪರದ ಕೆಳಗೆ, ಹಲಗೆಯ ಮೇಲೆ, ಮರಳಿಗೆ ಹುಟ್ಟು ಹಾಕುತ್ತಾ ಕೂತ.

"ನಿನ್ನ ಮಗ ಎಲ್ಲೇ?" ಅಂತ ಯಾರಾದರೂ ಕೇಳಿದರೆ ದೇವಮ್ಮ ಸೆರಗು ಸರಿಮಾಡಿಕೊಂಡು, "ದೋಣಿಗೆ ಹೋಗಿದ್ದಾನೆ" ಅನ್ನುತ್ತಿದ್ದಳು.

ಆ ದಿನ ಮಧ್ಯಾಹ್ನ ಸುರಿಯುವ ಮಳೆಯಲ್ಲಿ ಗಂಜಿಯ ಚರಿಗೆ ಹಿಡಿದು ಅವಳು ಚಪ್ಪರಕ್ಕೆ ಬಂದಳು. ಅವಳನ್ನು ಕಂಡದ್ದೇ ಜಟ್ಟು ಹುಟ್ಟು ಬಿಸಾಡಿ ಬೊಬ್ಬೆ ಹೊಡೆದ.

"ಅವ್ವಾ! ಈಜು ಬಾರದವಳು ಇಷ್ಟು ದೂರ ಹೇಗೆ ಬಂದೆ? ಹತ್ತು, ಹತ್ತು, ಮುಳುಗ್ತಿ!"

ಕೈ ಹಿಡಿದು ಎಳೆದೇ ಎಳೆದ. ದೇವಮ್ಮ ಮಗನ ಮುಖ ನೋಡಿದಳು. ದೋಣಿ ಹತ್ತಿ ಅವನ ಪಕ್ಕದಲ್ಲೇ ಕೂತಳು. ಇಬ್ಬರೂ ಗಂಜಿ ಕುಡಿದರು.