ಭೈರನ ನಾಡಿ

ಇರುಂಗರಸ ಎಂಬ ದೊರೆ ಒಂದು ಬೆಳಿಗ್ಗೆ ಡಂಗುರ ಹೊಡೆಸಿದ. "ನಮ್ಮ ಮಗಳು ಕೇತಲದೇವಿ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡಿ, ಕೋಟೆಯ ಹೊಸ ಪಾಠಶಾಲೆಯನ್ನೂ ಒಪ್ಪಿಸುತ್ತೇವೆ. ಒಂದು ತಪ್ಪಿದರೂ ಮರುದಿನ ಬೆಳಿಗ್ಗೆ ತಲೆದಂಡ."

ಒಗಟು ಮಗಳದು, ತಲೆದಂಡದ ಷರತ್ತು ಅಪ್ಪನದು. ಹೆದರಿಸದಿದ್ದರೆ ಯಾರೂ ಮನಸ್ಸಿಟ್ಟು ಯೋಚಿಸುವುದಿಲ್ಲ ಎಂದು ಅವನು ನಂಬಿದ್ದ. ನಂಬಿಕೆಗೆ ಪುರಾವೆಯೇನೂ ಇರಲಿಲ್ಲ. ಒಗಟುಗಳೂ ಅಂಥ ಘನವಾದವೇನಲ್ಲ. ಇವತ್ತು ಹೈಸ್ಕೂಲಿನಲ್ಲಿ ಭೌತಶಾಸ್ತ್ರಕ್ಕೆ ಕೂರುವ ಮಕ್ಕಳಿಗೆ ಎದುರಾಗುವುದೂ ಇವೇ: ಚಲನೆ, ಬೆಳಕು, ಅಳತೆ. ಅವರಿಗೆ ಹೋಗುವುದು ಅಂಕ ಮಾತ್ರ.

ಮೊದಲು ಬಂದವನು ಕುಂತೂರಿನ ಯುವರಾಜ.

ಕೇತಲದೇವಿ ಕೇಳಿದಳು: "ನಾಗಾಲೋಟದಲ್ಲಿ ಓಡುವ ಕುದುರೆಯ ಮೇಲೆ ಕೂತವನು ನಿಂಬೆಹಣ್ಣನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತಾನೆ. ಹಣ್ಣು ಎಲ್ಲಿ ಬೀಳುತ್ತದೆ?"

"ಇದೂ ಒಂದು ಒಗಟೇ? ಅಷ್ಟರಲ್ಲಿ ಕುದುರೆ ಮುಂದೆ ಹೋಗಿರುತ್ತದಲ್ಲ! ಹಣ್ಣು ಹಿಂದೆ ಬೀಳುತ್ತದೆ."

"ತಪ್ಪು."

ಅರಮನೆಯಲ್ಲಿ ತಲೆ ಕಡಿಯುವ ಕೆಲಸ ಭೈರನದು. ಅವನು ಎಲೆಅಡಿಕೆ ಜಗಿಯುತ್ತಲೇ ಎದ್ದು ಬಂದು ಯುವರಾಜನನ್ನು ಸೆರೆಮನೆಗೆ ಕರೆದೊಯ್ದ.

ಮುಂದಿನವನು ಮಾದಿರಾಜ, ಹೆಸರಾಂತ ತರ್ಕಪಂಡಿತ. ಅವನಿಗೂ ಅದೇ ಪ್ರಶ್ನೆ.

"ಹಿಂದೆ ಅಲ್ಲವೆಂದು ಈಗತಾನೇ ಸಿದ್ಧವಾಯಿತು. ಆದ್ದರಿಂದ ಮುಂದೆ. ಇದನ್ನು ಐದು ಬಗೆಯಲ್ಲಿ ಸಾಧಿಸಬಲ್ಲೆ."

"ಒಂದೂ ಬೇಡ, ಪಂಡಿತರೇ. ತಪ್ಪು."

ಮಾದಿರಾಜನ ಓಲೆಗರಿಯ ಕಟ್ಟುಗಳನ್ನು ಹೊತ್ತು ಬಂದಿದ್ದವನು ಅವನ ತಮ್ಮ ಬೊಪ್ಪ. ಭೈರ ಅಣ್ಣನ ರಟ್ಟೆ ಹಿಡಿದದ್ದನ್ನು ಕಂಡು ಅವನು ಕಟ್ಟುಗಳನ್ನು ಕೆಳಗಿಟ್ಟು ಮುಂದೆ ಬಂದ.

"ನಾನು ಬಿಡಿಸಿದರೆ ಅಣ್ಣನನ್ನು ಬಿಡ್ತೀರಾ, ಬುದ್ಧೀ?"

ದೊರೆ ನಕ್ಕ. "ನೀನೇನು ಓದಿದ್ದೀಯ?"

"ಏನೂ ಇಲ್ಲ. ಅಣ್ಣ ಓದಿದ್ದನ್ನು ಹೊರ್ತೀನಿ."

"ಆಗಲಿ. ಬಿಡಿಸಿದರೆ ಅವನ ತಲೆ ಉಳಿಯುತ್ತದೆ. ತಪ್ಪಿದರೆ ನಿನ್ನದೂ ಹೋಗುತ್ತದೆ."

"ಲೋ ಬೊಪ್ಪ, ಬೇಡ ಕಣೋ!" ಎಂದು ಮಾದಿರಾಜ ಬಾಗಿಲಿನಿಂದ ಕೂಗಿದ. "ನಿನಗೆ ವ್ಯಾಕರಣವೇ ಬರಲ್ಲ!"

ಹಿಂದೂ ಅಲ್ಲ, ಮುಂದೂ ಅಲ್ಲ ಎಂದ ಮೇಲೆ ಉತ್ತರ ಊಹಿಸುವುದು ಕಷ್ಟವಿರಲಿಲ್ಲ. ಆದರೆ ಊಹೆಯ ಮೇಲೆ ಎರಡು ಕುತ್ತಿಗೆ ಇಡಲು ಬೊಪ್ಪನಿಗೆ ಧೈರ್ಯ ಸಾಲಲಿಲ್ಲ.

"ಒಂದು ಕುದುರೆ ಕೊಡಿಸಿ. ಒಂದು ನಿಂಬೆಹಣ್ಣೂ ಬೇಕು."

ಆಸ್ಥಾನದ ಹಿರಿಯ ಪಂಡಿತ ಸಿಡುಕಿದ. "ಒಗಟನ್ನು ಬುದ್ಧಿಯಿಂದ ಬಿಡಿಸಬೇಕು, ಕುದುರೆಯಿಂದಲ್ಲ!"

"ಹಾಗೆಂದು ಡಂಗುರದಲ್ಲಿ ಇತ್ತೇ?" ಎಂದಳು ಕೇತಲದೇವಿ.

ಇರಲಿಲ್ಲ. ಯಾರೂ ಅದುವರೆಗೆ ಕೇಳಿಯೂ ಇರಲಿಲ್ಲ.

ಬೊಪ್ಪನಿಗೆ ಸವಾರಿ ಬಾರದು. ರಾವುತನ ಬೆನ್ನ ಹಿಂದೆ ಕೂತು, ಒಂದು ಕೈಯಲ್ಲಿ ಅವನ ಸೊಂಟ ಹಿಡಿದು, ಇನ್ನೊಂದರಿಂದ ಹಣ್ಣನ್ನು ಎಸೆಯುತ್ತಾ ಅಂಗಳ ಸುತ್ತಿದ. ಒಮ್ಮೆ ಹಣ್ಣು ರಾವುತನ ತಲೆಗೆ ಬಡಿಯಿತು. ನೆಟ್ಟಗೆ ಎಸೆದಾಗಲೆಲ್ಲ ಕೈಗೇ ಮರಳಿತು.

"ಎಸೆದ ಕೈಗೇ ಬೀಳುತ್ತೆ, ಅಮ್ಮಣ್ಣಿ."

"ಸರಿ. ಎರಡನೆಯದು. ಈ ಕಂಚಿನ ಬೋಗುಣಿಯ ತಳದಲ್ಲಿ ಒಂದು ನಾಣ್ಯವಿದೆ. ನೀನು ಕೂತಲ್ಲಿಗೆ ಅಂಚು ಅಡ್ಡ ಬಂದು ಅದು ಕಾಣುವುದಿಲ್ಲ. ಬೋಗುಣಿ, ನಾಣ್ಯ, ನಿನ್ನ ತಲೆ, ಯಾವುದೂ ಅಲುಗಬಾರದು. ನಾಣ್ಯ ಕಾಣಬೇಕು. ಹೇಗೆ?"

ಬೊಪ್ಪ ದೀಪ ತರಿಸಿದ. ಕಾಣಲಿಲ್ಲ. ಒಂದು ಕಣ್ಣು ಮುಚ್ಚಿದ, ಇನ್ನೊಂದನ್ನು ಮುಚ್ಚಿದ. ಪಂಡಿತರು ನಕ್ಕರು. ಬೋಗುಣಿ ಖಾಲಿಯಿದೆ, ಏನಾದರೂ ತುಂಬಿ ನೋಡುವುದು ಬಿಟ್ಟು ಅವನಿಗೆ ಬೇರೇನೂ ತೋಚಲಿಲ್ಲ. ಊಳಿಗದವಳು ಅವನ ಮಾತಿನಂತೆ ಮೆಲ್ಲಗೆ ನೀರು ಸುರಿದಳು. ನೀರು ಏರಿದಂತೆ ನಾಣ್ಯವೂ ಅಂಚಿನ ಮೇಲೆ ಇಣುಕಿತು.

"ಅಯ್ಯೋ, ಬಂತು!"

"ಯಾಕೆ ಬಂತು?"

"ಗೊತ್ತಿಲ್ಲ, ಅಮ್ಮಣ್ಣಿ."

"ಅದನ್ನು ಆಮೇಲೆ ಕಲಿಯಬಹುದು. ಮೂರನೆಯದು. ಮೇಲೆ ನೋಡು, ತೂಗುದೀಪ. ಜೋರಾಗಿ ತಳ್ಳಿದರೆ ಅಗಲವಾಗಿ ತೂಗುತ್ತದೆ, ಮೆಲ್ಲಗೆ ತಳ್ಳಿದರೆ ಕಿರಿದಾಗಿ. ಹೋಗಿ ಬರಲು ಯಾವುದಕ್ಕೆ ಹೆಚ್ಚು ಹೊತ್ತು?"

"ಅಗಲವಾಗಿ ತೂಗಿದ್ದಕ್ಕೆ! ಹೆಚ್ಚು ದೂರ ಹೋಗಬೇಕಲ್ಲ!" ಎಂದು ಸಭೆ ಗುಜುಗುಜಿಸಿತು.

ಬೊಪ್ಪ ತನ್ನ ನಾಡಿ ಹಿಡಿದು ಎಣಿಸತೊಡಗಿದ. ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬರಲಿಲ್ಲ. ಭೈರನ ಜೊತೆ ಬಾಗಿಲಲ್ಲೇ ನಿಂತಿದ್ದ ಅಣ್ಣನ ಮುಖ ನೋಡಿದಾಗಲಂತೂ ಲೆಕ್ಕ ಪೂರ್ತಿ ಕೆಟ್ಟಿತು. ತಪ್ಪು ದೀಪದ್ದಲ್ಲ, ಅಳೆಯುವ ನಾಡಿಯದು ಎಂದು ಅವನಿಗೆ ಹೊಳೆಯಿತು.

"ಭೈರಣ್ಣನ ಕೈ ಕೊಡಿಸಿ," ಎಂದ. "ನನ್ನ ತಲೆಯ ಯೋಚನೆ ಇಲ್ಲದವನು ಇಲ್ಲಿ ಅವನೊಬ್ಬನೇ."

ಭೈರ ತಾಂಬೂಲವನ್ನು ಇನ್ನೊಂದು ದವಡೆಗೆ ತಳ್ಳಿ ಕೈ ಚಾಚಿದ. "ಬೇಗ ಮುಗಿಸಪ್ಪ, ಊಟದ ಹೊತ್ತು." ಅವನ ನಾಡಿ ಎತ್ತಿನ ನಡಿಗೆಯಂತೆ ಬಡಿಯುತ್ತಿತ್ತು. ಬೊಪ್ಪ ಅಗಲವಾಗಿ ತೂಗಿಸಿ ಎಣಿಸಿದ, ಕಿರಿದಾಗಿ ತೂಗಿಸಿ ಎಣಿಸಿದ, ಮತ್ತೆ ಮೊದಲಿಂದ ಎಣಿಸಿದ.

"ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ಅಗಲದ್ದಕ್ಕೆ ಒಂದು ಚೂರು ಹೆಚ್ಚಿರಬಹುದು. ಭೈರಣ್ಣನ ನಾಡಿಯಲ್ಲಿ ಅಷ್ಟು ಸಣ್ಣದು ತಿಳಿಯಲ್ಲ."

ಹಿರಿಯ ಪಂಡಿತ ಎದ್ದು ನಿಂತ. "ಹೆಚ್ಚುಕಡಿಮೆಯಂತೆ! ಇರಬಹುದಂತೆ! ಇದು ಉತ್ತರವೇ?"

"ಇದೇ ಉತ್ತರ," ಎಂದಳು ಕೇತಲದೇವಿ. "ಎಸೆಯುವ ಮೊದಲೇ ಕುದುರೆಯ ವೇಗ ಹಣ್ಣಿಗೂ ಇತ್ತು. ಕೈಬಿಟ್ಟ ಮಾತ್ರಕ್ಕೆ ಅದು ಹೋಗಲಿಲ್ಲ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿತು, ಅಂಚು ದಾಟಿ ಕಣ್ಣಿಗೆ ತಾಗಿತು. ಅಗಲವಾಗಿ ತೂಗುವ ದೀಪ ದೂರ ಹೋಗುತ್ತದೆ, ಆದರೆ ಜೋರಾಗಿಯೂ ಓಡುತ್ತದೆ. ಒಂದಕ್ಕೊಂದು ಬಹುಪಾಲು ಸರಿಹೋಗುತ್ತದೆ, ಪೂರ್ತಿ ಅಲ್ಲ. ಆ ಚೂರನ್ನು ಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು. ತಾನು ಎಷ್ಟು ತಪ್ಪಿರಬಹುದೆಂದು ಹೇಳಿದವನು ಇವನೊಬ್ಬನೇ. ಅಪ್ಪಾಜಿ, ಇವನ ಅಣ್ಣನನ್ನೂ ಯುವರಾಜನನ್ನೂ ಬಿಡಿಸಿ."

ಯುವರಾಜ ಹಿಂದೆ ತಿರುಗಿ ನೋಡದೆ ಕುಂತೂರಿಗೆ ಹೋದ. ಬೊಪ್ಪನಿಗೂ ಕೇತಲದೇವಿಗೂ ಮದುವೆಯಾಯಿತು, ಕತೆಗಳಲ್ಲಿ ಆಗುವಂತೆ.

ಪಾಠಶಾಲೆಯ ಮೊದಲ ದಿನ ಬೊಪ್ಪ ಎದುರಿಗೆ ಕೂತವರಿಗೆ ಹೇಳಿದ: "ಇಲ್ಲಿ ಪವಾಡ ನಡೆಯಲ್ಲ. ಒಂದೇ ಕೆಲಸ ಮತ್ತೆ ಮತ್ತೆ ಮಾಡಬೇಕು, ಬೇಸರವಾಗುತ್ತೆ. ಲೆಕ್ಕ ಬರುತ್ತೆ, ತಪ್ಪಿಸಿಕೊಳ್ಳೋಕಾಗಲ್ಲ. ನಿಮಗೆ ಖಂಡಿತ ಗೊತ್ತಿದೆ ಅನ್ನಿಸಿದ್ದರಲ್ಲಿ ಅರ್ಧ ಸುಳ್ಳಾಗುತ್ತೆ."

ಮೊದಲ ಸಾಲಿನಲ್ಲಿ ಕೂತಿದ್ದ ಮಾದಿರಾಜ ಕೈ ಎತ್ತಿದ.

"ಅದೆಲ್ಲ ಇರಲಿ ಕಣೋ. ಉತ್ತರಗಳನ್ನು ಈಗಲೇ ಹೇಳಿಬಿಡು, ಬಾಯಿಪಾಠ ಮಾಡಿಕೊಳ್ತೀನಿ."

ಬೊಪ್ಪ ತಾನು ಉಳಿಸಿದ ಅಣ್ಣನ ಕುತ್ತಿಗೆಯನ್ನೊಮ್ಮೆ ನೋಡಿದ. ಆಮೇಲೆ ಪಾಠ ಶುರುಮಾಡಿದ.