ಗುಡ್ಡಪ್ಪ ನಾಯಕನ ಬೆಳ್ಳಿ ತಟ್ಟೆ

"ನನ್ನ ಮಗಳ ಮದುವೆ ನೋಡಿ ಸುತ್ತಲ ಪಾಳೆಯಗಾರರ ಹೊಟ್ಟೆ ಉರಿದು ಬೂದಿಯಾಗಬೇಕು. ಆದರೆ ನನ್ನ ಬೊಕ್ಕಸದಿಂದ ಒಂದು ಕಾಸೂ ಹೊರಗೆ ಬೀಳಬಾರದು!"

ತುಂಬಿದ ಸಭೆಯಲ್ಲಿ ಮೀಸೆ ತಿರುವುತ್ತ ಹೀಗೆ ಜಂಬ ಕೊಚ್ಚಿದವನು ಕೊಂಡ್ಲಗಿರಿಯ ಪಾಳೆಯಗಾರ ಗುಡ್ಡಪ್ಪ ನಾಯಕ. ಎಂಥಾ ಜಿಪುಣ ಅಂತೀರಿ! ದೀಪಕ್ಕೆ ಎಣ್ಣೆ ಹೆಚ್ಚು ಹೊಯ್ದಳು ಅಂತ ಕಟ್ಟಿಕೊಂಡ ಹೆಂಡತಿಯ ಜೊತೆ ಮಾತು ಬಿಟ್ಟ ಗಂಡಸು.

ಮದುವೆಯ ಖರ್ಚುವೆಚ್ಚದ ಹೊರೆ ಬಿದ್ದದ್ದು ಆಸ್ಥಾನದ ಲೆಕ್ಕಪತ್ರ ನೋಡುವ ಓಬಯ್ಯನ ಹೆಗಲಿಗೆ.

"ಬುದ್ಧಿ, ಊಟ ಹೇಗಿರಬೇಕು?"

"ಹೋಳಿಗೆ ತುಪ್ಪದಲ್ಲಿ ಮುಳುಗಬೇಕು."

"ಚಪ್ಪರ?"

"ರೇಷ್ಮೆಯಲ್ಲಿ ಕಟ್ಟಿಸು."

"ಹಣ?"

"ಅಂಗಡಿಯವರ ಹತ್ತಿರ ಸಾಲ ತಾರೋ. ಮದುವೆಗೆ ಉಡುಗೊರೆ, ಮುಯ್ಯಿ ಬರುತ್ತಲ್ಲ, ಅದರಲ್ಲಿ ತೀರಿಸೋಣ. ಊರಿನ ಒಂದೊಂದು ಮದುವೆಗೂ ಮುಯ್ಯಿ ಕಳಿಸಿದ್ದೇನೆ, ಸುಮ್ಮನೆಯೇ? ಅದು ಬಾರದಿದ್ದರೆ ನಿನ್ನ ಮಾನ್ಯದ ಹೊಲ ಮಾರಿಸುತ್ತೇನೆ!"

ಮುಯ್ಯಿಯಂತೆ ಮುಯ್ಯಿ! ಅದರ ಬಣ್ಣ ಊರಿನ ಹೆಂಗಸರಿಗೆಲ್ಲ ಗೊತ್ತು. ಯಾರ ಮನೆಯ ಮದುವೆಯಾದರೂ ಅರಮನೆಯಿಂದ ಬರುವುದು ಅದೇ ಬೆಳ್ಳಿ ತಟ್ಟೆ, ಅದರ ಮೇಲೆ ಅದೇ ಜರಿ ಸೀರೆ. "ನಾಯಕರ ಮುಯ್ಯಿ!" ಅಂತ ಚಪ್ಪರ ಹಾರಿಹೋಗುವ ಹಾಗೆ ಕೂಗಿಸುವುದು. ಆಮೇಲೆ ಪಾಯಸ ಬಡಿಸುವಾಗ, ಎಲ್ಲರ ತಲೆ ಎಲೆಯ ಮೇಲೆ ಬಗ್ಗಿರುವಾಗ, ಅರಮನೆಯ ಆಳು ಹಿತ್ತಿಲ ಬಾಗಿಲಿಂದ ತಟ್ಟೆ ಸಮೇತ ಪರಾರಿ!

ಓಬಯ್ಯನ ಮಗಳ ಮದುವೆಯಲ್ಲೂ ಅದೇ ಆಟ. ಪಾಪ, ಆ ಹುಡುಗಿ ಸೀರೆಯ ಸೆರಗನ್ನು ಒಮ್ಮೆ ಸವರಿದ್ದಳು. ಇನ್ನೊಮ್ಮೆ ಸವರೋಣವೆಂದರೆ ಸೀರೆಯೇ ಇಲ್ಲ. ಹೆತ್ತ ಕರುಳು ಮರೆಯುತ್ತದೆಯೇ?

ಓಬಯ್ಯ ಕೈಮುಗಿದ. "ಹಾಗಾದರೆ ಡಂಗುರ ಸಾರಿಸೋಣ ಬುದ್ಧಿ. ತಾವು ಅವರವರ ಮನೆಗೆ ಹೇಗೆ ಮುಯ್ಯಿ ಮಾಡಿದಿರೋ, ಅವರೂ ಹಾಗೆಯೇ ಮಾಡಬೇಕು ಅಂತ."

"ಸಾರಿಸು! ಕೂದಲೆಳೆಯಷ್ಟು ತಪ್ಪಿದವನ ಬೆನ್ನು ಸುಲಿಸುತ್ತೇನೆ!"

ತಲೆಯಲ್ಲಿ ಮೆದುಳಿದ್ದವನಾಗಿದ್ದರೆ ಅಲ್ಲೇ ನಾಲಗೆ ಕಚ್ಚಿಕೊಳ್ಳುತ್ತಿದ್ದ. ಆಸೆಬುರುಕನಿಗೆ ಅದೆಲ್ಲಿ ಹೊಳೆಯಬೇಕು!

ಮದುವೆಯ ದಿನ ಮುಯ್ಯಿ ಬಂತು ನೋಡಿ, ಹೊಳೆ ಹರಿದ ಹಾಗೆ. ನೇಕಾರರ ಸೀರೆ, ಗಾಣಿಗರ ಎಣ್ಣೆ ಕೊಡ, ಅಕ್ಕಸಾಲಿಗರ ಕಾಸಿನ ಸರ. ಕೂಗುವವನ ಗಂಟಲು ಬಿದ್ದುಹೋಯಿತು. ಬೀಗರು ಬಾಯಿ ಬಿಟ್ಟುಕೊಂಡು ಕೂತರು. ನಾಯಕನಂತೂ ಹಿಗ್ಗಿ, ಇನ್ನೊಂದು ಸುತ್ತು ತುಪ್ಪ ಬಡಿಸಿ ಎಂದುಬಿಟ್ಟ! ಹುಟ್ಟಿದಾಗಿನಿಂದ ಆ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು.

ಊಟ ಮುಗಿಯಿತು. ಬಾಣಸಿಗರು, ಅಂಗಡಿಯವರು ಹಣಕ್ಕೆ ಬಂದು ನಿಂತರು. ನಾಯಕ ಠೀವಿಯಿಂದ ಮುಯ್ಯಿಯ ಕೋಣೆಗೆ ಹೋದ. ನೋಡಿದರೆ ಕೋಣೆ ಗುಡಿಸಿಟ್ಟ ಹಾಗಿದೆ! ಮೂಲೆಯಲ್ಲಿ ಒಂದೇ ಒಂದು ಬೆಳ್ಳಿ ತಟ್ಟೆ, ಅದರ ಮೇಲೊಂದು ಜರಿ ಸೀರೆ.

"ಅಯ್ಯೋ ಕಳ್ಳರು! ಯಾವಾಗ ಒಯ್ದರೋ?"

"ಪಾಯಸ ಬಡಿಸುವಾಗ ಬುದ್ಧಿ," ಎಂದ ಹಿಂದೆಯೇ ಬಂದಿದ್ದ ಓಬಯ್ಯ. " ಹಿತ್ತಿಲ ಬಾಗಿಲಿಂದ. ತಾವು ಮಾಡಿದ ಹಾಗೆಯೇ ಮಾಡಿದ್ದಾರೆ, ಕೂದಲೆಳೆಯಷ್ಟೂ ತಪ್ಪಿಲ್ಲ."

"ನಿನ್ನ ಹೊಲ ಮಾರಿಸುತ್ತೇನೆ!"

"ಮುಯ್ಯಿ ಬಾರದಿದ್ದರೆ ತಾನೇ ಹೊಲದ ಮಾತು? ಬಂದದ್ದನ್ನು ಊರೇ ಕೇಳಿದೆ. ಬೇಕಾದರೆ ಬೀಗರನ್ನು ಕರೆಯುತ್ತೇನೆ. ತಾವು ಯಾರ ಮನೆಯಲ್ಲಿ ಹೇಗೆ ಮುಯ್ಯಿ ಮಾಡಿದಿರಿ ಎನ್ನುವುದರಿಂದಲೇ ಶುರುಮಾಡಿ ನ್ಯಾಯ ಕೇಳೋಣ."

ಪಕ್ಕದ ಪಡಸಾಲೆಯಲ್ಲಿ ಬೀಗರು ಎಲೆಯಡಿಕೆ ಮೆಲ್ಲುತ್ತಿದ್ದರು. ನಾಯಕ ಅತ್ತ ನೋಡಿದ, ಇತ್ತ ನೋಡಿದ. ಸೊಂಟದ ಬೀಗದಕೈ ಬಿಚ್ಚಿದ. ಬೊಕ್ಕಸದ ಬಾಗಿಲು ತೆರೆಯುವಾಗ ಮಗಳನ್ನು ಕಳಿಸಿಕೊಡುವಾಗಿನದಕ್ಕಿಂತ ಜೋರಾಗಿ ಅತ್ತನಂತೆ!

ಹಣ ಎಣಿಸಿಕೊಟ್ಟು ಬಂದವನ ಕಣ್ಣು ಮತ್ತೆ ಆ ತಟ್ಟೆಯ ಮೇಲೆ ಬಿತ್ತು.

"ಇದೊಂದನ್ನು ಯಾಕೋ ಯಾರೂ ಒಯ್ಯಲಿಲ್ಲ?"

"ಅದು ನನ್ನ ಮುಯ್ಯಿ ಬುದ್ಧಿ, ಬೆಳಿಗ್ಗೆ ತಮ್ಮ ಉಗ್ರಾಣದಿಂದಲೇ ತಂದಿಟ್ಟೆ," ಎಂದ ಓಬಯ್ಯ. "ಮಿಕ್ಕವೆಲ್ಲ ಅವರವರ ಮನೆಗೆ ಹೋದವು. ಇದು ಇನ್ನೆಲ್ಲಿಗೆ ಹೋಗಬೇಕು? ಮನೆಯಲ್ಲೇ ಇದೆಯಲ್ಲ!"